ಸರ್ಪಸುತ್ತು ಹೋದರೂ ಉರಿ ಹೋಗದಿದ್ದರೆ: ಲಿಡೊಕೇನ್ ಪ್ಯಾಚ್ ಬಳಸುವ ಬಗೆ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಸಂಕ್ರಾಂತಿಗೆ ಕೆಲವು ದಿನ ಮುಂಚೆ ಅಮ್ಮನ ಬಲ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಬೆನ್ನುಮೂಳೆಯ ಪಕ್ಕದಲ್ಲಿ ಶುರುವಾಗಿ, ಕಂಕುಳ ಕೆಳಗಿನಿಂದ ಸುತ್ತಿ, ಎದೆಯ ಕೆಳಭಾಗಕ್ಕೆ ಬಂದು ನಿಂತಿತು. ಮೊದಲ ಮೂರು ದಿನ ಕೆಮ್ಮಣ್ಣು ಹಚ್ಚುವುದರಲ್ಲೇ ಕಳೆದವು. ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆವು. ಗುಳ್ಳೆಗಳು ಒಣಗಿದವು, ಹಕ್ಕಳೆ ಉದುರಿತು, ಕಪ್ಪು ಕಲೆ ಉಳಿಯಿತು. ಉರಿ ಮಾತ್ರ ಹೋಗಲಿಲ್ಲ. ಯುಗಾದಿಗೆ ಹೊಲಿಸಿದ ಹೊಸ ರವಿಕೆ ತೊಟ್ಟ ಅಮ್ಮ ಒಂದು ನಿಮಿಷವೂ ತಾಳಲಾರದೆ ಅದನ್ನು ಕಳಚಿ, ಅಪ್ಪನ ಹಳೆಯ ಅಂಗಿ ಹಾಕಿಕೊಂಡು ಹೋಳಿಗೆ ತಟ್ಟಿದಳು.

ಆಗ ವೈದ್ಯರು ಬರೆದುಕೊಟ್ಟವುಗಳಲ್ಲಿ ಒಂದು ಲಿಡೊಕೇನ್ ಪ್ಯಾಚ್. ಅಂಟಿಸುವುದರಲ್ಲಿ ಏನು ಮಹಾ ವಿದ್ಯೆಯಿದೆ ಎಂದುಕೊಂಡ ನಾವು ಮಾಡದ ತಪ್ಪಿಲ್ಲ. ಮೊದಲು ಬೇರೆಯದೇ ಪ್ಯಾಚ್ ತಂದೆವು. ಸರಿಯಾದದ್ದು ಸಿಕ್ಕ ಮೇಲೆ ತಪ್ಪು ಜಾಗಕ್ಕೆ ಅಂಟಿಸಿದೆವು. ಜಾಗ ಸರಿಹೋದ ಮೇಲೆ ತೆಗೆಯುವುದನ್ನು ಮರೆತೆವು. ಈ ಔಷಧಿಯ ಗುಟ್ಟೆಲ್ಲ ಎರಡು ಪ್ರಶ್ನೆಗಳಲ್ಲಿದೆ: ಎಲ್ಲಿ, ಎಷ್ಟು ಹೊತ್ತು. ನಾನು ವೈದ್ಯನಲ್ಲ, ಯಾರಿಗೆ ಈ ಪ್ಯಾಚ್ ಬೇಕು, ಯಾರಿಗೆ ಬೇಡ ಎಂಬುದನ್ನು ನೋವಿರುವವರನ್ನು ಮುಟ್ಟಿ ನೋಡಿದ ವೈದ್ಯರೇ ಹೇಳಬೇಕು. ಅವರು ಚೀಟಿ ಬರೆದುಕೊಟ್ಟ ಮೇಲೆ ಮನೆಯಲ್ಲಿ ಆಗಬೇಕಾದ ಕೆಲಸದ ಬಗ್ಗೆ ಈ ಬರಹ.

ಮೊದಲು ನೋವಿನ ಗುರುತು ಹಿಡಿಯಿರಿ

ಮಂಡಿ ನೋವು, ಸೊಂಟ ಹಿಡಿದುಕೊಳ್ಳುವುದು ಒಂದು ಬಗೆ. ನರದ ನೋವಿನ ಜಾತಿಯೇ ಬೇರೆ. ಉರಿ, ಜುಮುಜುಮು, ಸೂಜಿ ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ, ಇರುವೆ ಹರಿದ ಹಾಗೆ ಎಂದೆಲ್ಲ ಹೇಳುತ್ತಾರೆ. ಇದಕ್ಕೆ ಇನ್ನೊಂದು ವಿಚಿತ್ರ ಲಕ್ಷಣವಿದೆ. ಗಟ್ಟಿಯಾಗಿ ಒತ್ತಿದರೆ ತಡೆದುಕೊಳ್ಳುವವರು ಸೆರಗು ಸವರಿದರೆ ಚೀರುತ್ತಾರೆ. ಒಂದು ಎಳೆ ಹತ್ತಿಯನ್ನು ಮೊದಲು ನೋವಿಲ್ಲದ ಪಕ್ಕದ ಚರ್ಮದ ಮೇಲೆ, ಆಮೇಲೆ ನೋವಿರುವ ಕಡೆ ಮೆಲ್ಲಗೆ ಎಳೆದು ನೋಡಿ. ಎರಡೂ ಕಡೆ ಒಂದೇ ರೀತಿ ಅನ್ನಿಸದೆ ಒಂದು ಕಡೆ ಉರಿ ಎದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನು ನೋವಿನ ಎಲ್ಲೆ. ಪ್ಯಾಚ್ ಕೆಲಸ ಮಾಡುವುದು ಅದನ್ನು ಅಂಟಿಸಿದ ಚರ್ಮದ ಕೆಳಗೆ ಮಾತ್ರ. ಹಾಗಾಗಿ ನೋವು ಒಂದು ಕಡೆ ನೆಲೆ ನಿಂತಿರಬೇಕು, ಬೆರಳಿಟ್ಟು ತೋರಿಸುವಂತಿರಬೇಕು. ನೋವಿನ ಜಾಗ ಒಂದು ಎ4 ಹಾಳೆಗಿಂತ ದೊಡ್ಡದಾಗಿರಬಾರದು ಎಂಬುದು ತಜ್ಞರು ಇಟ್ಟುಕೊಂಡಿರುವ ಒಂದು ಅಳತೆ. ನಾವು ಮಾಡಿದ್ದು ಇಷ್ಟು: ಅಮ್ಮನನ್ನು ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಹೊರಗಿನಿಂದ ಒಳಕ್ಕೆ ಹತ್ತಿ ಎಳೆಯುತ್ತಾ, ಅವಳು ‘ಇಲ್ಲಿಂದ’ ಎಂದ ಕಡೆಯಲ್ಲೆಲ್ಲ ಬಾಲ್ ಪೆನ್ನಿನಿಂದ ಚುಕ್ಕಿ ಇಟ್ಟೆ. ಚುಕ್ಕಿಗಳನ್ನು ಸೇರಿಸಿದಾಗ ಸಿಕ್ಕ ಆಕಾರ ಕಪ್ಪು ಕಲೆಗಳ ಜಾಗಕ್ಕೆ ಹೊಂದಲೇ ಇಲ್ಲ. ಕಲೆ ಮುಂದುಗಡೆ ಹೆಚ್ಚಿತ್ತು. ಉರಿಯೆಲ್ಲ ಹಿಂದೆ, ಹೆಗಲೆಲುಬಿನ ಕೆಳಗೆ. ಅದುವರೆಗೆ ನಾವು ಕಲೆ ನೋಡಿ ಅಂಟಿಸುತ್ತಿದ್ದೆವು. ಎರಡು ವಾರದ ಪ್ಯಾಚ್ ದಂಡವಾಗಿತ್ತು.

ಸರ್ಪಸುತ್ತಿನ ನೋವು ಹೀಗೆ ಪಟ್ಟೆಯಾಗಿ ಒಂದೇ ಮಗ್ಗುಲಲ್ಲಿ ನಿಲ್ಲುವುದಕ್ಕೆ ಕಾರಣವಿದೆ. ಚಿಕ್ಕಂದಿನಲ್ಲಿ ‘ಅಮ್ಮ’ ಬಂದು ಹೋಯಿತು ಎನ್ನುತ್ತೇವಲ್ಲ, ಆ ಸೀತಾಳೆ ಸಿಡುಬಿನ ವೈರಸ್ಸು ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ, ಅಥವಾ ಬೇರೆ ಕಾಯಿಲೆಯಿಂದ ಮೈಯ ಕಾವಲು ಸಡಿಲವಾದಾಗ ಎಚ್ಚೆತ್ತು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಬಲಗಡೆಯ ನರ ಬಲಕ್ಕೆ, ಎಡಗಡೆಯದು ಎಡಕ್ಕೆ. ಆದ್ದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ‘ಹಾವಿನ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ’ ಎಂದು ನಮ್ಮ ಕಡೆ ಹೆದರಿಸುವವರಿಗೆ ಕೊಡಬಹುದಾದ ಉತ್ತರ ಇದು. ಅಮ್ಮ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬಂದಳು. ನಾನೇ ಕರೆದುಕೊಂಡು ಹೋಗಿದ್ದೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಕೆಮ್ಮಣ್ಣಿಗೆ ಹೋದ ಮೂರು ದಿನಗಳ ಬಗ್ಗೆ. ವೈರಸ್ಸನ್ನು ತಡೆಯುವ ಏಸೈಕ್ಲೋವಿರ್, ವಾಲಾಸೈಕ್ಲೋವಿರ್ ಮಾತ್ರೆಗಳನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಆ ಹೊತ್ತು ನಮ್ಮ ಕೈ ತಪ್ಪಿತ್ತು.

ಗುಳ್ಳೆ ಎದ್ದು ಮೂರು ತಿಂಗಳು ಕಳೆದರೂ ನೋವು ಉಳಿದರೆ ಅದನ್ನು ಸರ್ಪಸುತ್ತಿನ ನಂತರದ ನರಶೂಲೆ ಎಂದು ಕರೆಯುತ್ತಾರೆ. ಲಿಡೊಕೇನ್ ಪ್ಯಾಚಿಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1999ರಲ್ಲಿ ಒಪ್ಪಿಗೆ ಕೊಟ್ಟಿದ್ದು ಈ ನೋವಿಗೇ. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೂ ಅದರ ಸುತ್ತ ಉಳಿಯುವ ಉರಿಗೆ ಸಹ ಕೆಲವು ವೈದ್ಯರು ಬರೆದುಕೊಡುತ್ತಾರೆ.

ಈ ಪ್ಯಾಚಿನ ಕೆಲಸವಲ್ಲದ ನೋವುಗಳೂ ಇವೆ. ಎದೆಯಲ್ಲಿ ಒತ್ತಿದಂತಾಗಿ ಬೆವರುತ್ತಿದ್ದರೆ, ಎಡತೋಳಿಗೋ ದವಡೆಗೋ ನೋವು ಹರಿಯುತ್ತಿದ್ದರೆ ಪ್ಯಾಚ್ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಸಕ್ಕರೆ ಕಾಯಿಲೆಯಲ್ಲಿ ಎರಡೂ ಪಾದ ಉರಿಯುವವರಿಗೆ ಮೊದಲು ಬೇಕಾದದ್ದು ಸಕ್ಕರೆಯ ಹತೋಟಿ ಮತ್ತು ಪಾದದ ತಪಾಸಣೆ. ಹುಣ್ಣಿರುವ ಪಾದಕ್ಕಂತೂ ಪ್ಯಾಚ್ ಸೋಕಿಸಬಾರದು. ಸೊಂಟದಿಂದ ಹಿಂಗಾಲಿಗೆ ಇಳಿಯುವ ಸೆಳೆತದ ಬೇರು ಬೆನ್ನುಮೂಳೆಯಲ್ಲಿರುತ್ತದೆ, ಮೇಲಿನ ಚರ್ಮಕ್ಕೆ ಅಂಟಿಸಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಚರ್ಮದ ಮೇಲಿದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಚಿಕಿತ್ಸೆ ಇದೆ. ತೊಡೆಯ ಹೊರಮಗ್ಗುಲು ಮಾತ್ರ ಉರಿಯುವ ಹೆಂಗಸರಿಗೆ ಒಮ್ಮೊಮ್ಮೆ ಲಂಗದ ಲಾಡಿಯನ್ನು, ಗಂಡಸರಿಗೆ ಬೆಲ್ಟನ್ನು ಸಡಿಲ ಮಾಡಿದರೆ ಅರ್ಧ ಗುಣ ಕಾಣುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ನರ ಸೊಂಟದ ಅಂಚಿನಲ್ಲಿ ಒತ್ತಿಹೋಗಿರುತ್ತದೆ.

ಪ್ಯಾಚಿನೊಳಗೆ ಏನಿದೆ

ಲಿಡೊಕೇನ್ ಮತ್ತು ಲಿಗ್ನೋಕೇನ್ ಒಂದೇ. ಹಲ್ಲು ಕೀಳುವ ಮೊದಲು ವಸಡಿಗೆ ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಇದೇ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಮದ್ದು ಇದು. ಪ್ಯಾಚ್ ಅಂದರೆ ಈ ಮದ್ದನ್ನು ಅಂಟಿನಲ್ಲಿ ಕಲಸಿ ಬಟ್ಟೆಯಂಥ ಹಾಳೆಗೆ ಬಳಿದಿರುವುದು. ಶೇ 5ರ ಪ್ಯಾಚ್ 10 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಅಂಚೆ ಕಾರ್ಡಿನ ಅಳತೆ. ಅದರಲ್ಲಿ 700 ಮಿಲಿಗ್ರಾಂ ಮದ್ದಿರುತ್ತದೆ. ಹೇಳಿದಷ್ಟು ಹೊತ್ತು ಹಾಕಿಕೊಂಡರೆ ರಕ್ತಕ್ಕೆ ಸೇರುವುದು ಸುಮಾರು ಶೇ 3 ಮಾತ್ರ. ಉಳಿದ ಮದ್ದೆಲ್ಲ ಪ್ಯಾಚಿನಲ್ಲೇ ಇರುತ್ತದೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಕಸದ ಬುಟ್ಟಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಪೆಟ್ಟು ತಿಂದ ನರ ಸ್ಟಾರ್ಟರ್ ಕೆಟ್ಟ ಬೋರ್‌ವೆಲ್ ಮೋಟಾರಿನಂತೆ. ಯಾರೂ ಗುಂಡಿ ಒತ್ತದೆ ತಾನೇ ಓಡುತ್ತದೆ. ನರದ ಸಂದೇಶ ಹೊರಡುವುದು ಅದರ ಗೋಡೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆದಾಗ. ಕೆಟ್ಟ ನರದಲ್ಲಿ ಈ ಬಾಗಿಲುಗಳು ಸುಮ್ಮಸುಮ್ಮನೆ ತೆರೆಯುತ್ತಿರುತ್ತವೆ. ಲಿಡೊಕೇನ್ ಆ ಬಾಗಿಲುಗಳನ್ನು ಮುಚ್ಚುತ್ತದೆ. ಪ್ಯಾಚಿನಿಂದ ಇಳಿಯುವ ಪ್ರಮಾಣ ಕಡಿಮೆಯಾದ್ದರಿಂದ ಹಲ್ಲಿನ ಇಂಜೆಕ್ಷನ್ನಿನಂತೆ ಜಾಗ ಪೂರ್ತಿ ಮರಗಟ್ಟುವುದಿಲ್ಲ. ‘ಮುಟ್ಟಿದರೆ ಗೊತ್ತಾಗುತ್ತಿದೆ, ಇದು ಕೆಲಸ ಮಾಡುತ್ತಿಲ್ಲ’ ಎಂದು ಅಮ್ಮ ಎರಡನೆಯ ದಿನವೇ ತೀರ್ಪು ಕೊಟ್ಟಿದ್ದಳು. ಮುಟ್ಟಿದ್ದು ಗೊತ್ತಾಗುವುದು ಸಹಜ, ಕಡಿಮೆಯಾಗಬೇಕಾದದ್ದು ಉರಿ. ಬಟ್ಟೆ ತಾಗದಂತೆ ಪ್ಯಾಚ್ ಅಡ್ಡ ನಿಲ್ಲುವುದೂ ಒಂದು ಲಾಭ.

ಅಂಗಡಿಯಲ್ಲಿ ಕೇಳುವ ರೀತಿ

‘ನೋವಿನ ಪ್ಯಾಚ್ ಕೊಡಿ’ ಎಂದು ಕೇಳಬೇಡಿ. ನಾನು ಹಾಗೆ ಕೇಳಿದ್ದರಿಂದಲೇ ಡೈಕ್ಲೋಫಿನಾಕ್ ಪ್ಯಾಚ್ ಕೈಗೆ ಬಂತು. ಅದು ಸ್ನಾಯು, ಕೀಲು ನೋವಿನದು. ಮೆಂಥಾಲ್ ಅಥವಾ ಮೆಣಸಿನಕಾಯಿಯ ಸತ್ವವಿರುವ ಪ್ಲಾಸ್ಟರುಗಳೂ ಅದೇ ಕಪಾಟಿನಲ್ಲಿರುತ್ತವೆ. ಕೆರಳಿದ ನರದ ಮೇಲೆ ಅವುಗಳನ್ನು ಅಂಟಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾನ್ಸರ್ ನೋವಿಗೆ ಕೊಡುವ ಫೆಂಟನಿಲ್ ಪ್ಯಾಚ್ ಅಫೀಮಿನ ಜಾತಿಯ ಪ್ರಬಲ ಮದ್ದು. ಒಬ್ಬರಿಗೆ ಕೊಟ್ಟ ಆ ಪ್ಯಾಚನ್ನು ಇನ್ನೊಬ್ಬರು ಅಂಟಿಸಿಕೊಂಡರೆ ಉಸಿರು ನಿಲ್ಲಬಹುದು. ಚೀಟಿ ತೋರಿಸಿ ‘ಲಿಡೊಕೇನ್ 5 ಪರ್ಸೆಂಟ್’ ಎಂದೇ ಕೇಳಿ. ಪೊಟ್ಟಣದ ಮೇಲೆ ಲಿಡೊಕೇನ್ ಅಥವಾ ಲಿಗ್ನೋಕೇನ್ ಎಂದಿದೆಯೇ, ಶೇಕಡಾ ಎಷ್ಟು, ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ, ಈ ಮೂರನ್ನೂ ಓದಿ. ಸಣ್ಣ ಊರಿನ ಅಂಗಡಿಗಳಲ್ಲಿ ಇದನ್ನು ಇಟ್ಟಿರುವುದು ಅಪರೂಪ. ಮೊದಲೇ ಹೇಳಿ ತರಿಸಿಕೊಳ್ಳುವುದೇ ಲೇಸು. ಮೊದಲ ಸಲಕ್ಕೆ ರಾಶಿ ಕೊಳ್ಳಬೇಡಿ; ಬೆಲೆ ಹಗುರವಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ.

ವೈದ್ಯರ ಮುಂದೆ ಬಾಯಿ ಬಿಟ್ಟು ಹೇಳಬೇಕಾದವು: ಹಿಂದೆ ಹಲ್ಲಿನ ಇಂಜೆಕ್ಷನ್ನಿಗೆ ಅಲರ್ಜಿ ಆಗಿತ್ತೇ, ಯಕೃತ್ತಿನ ಕಾಯಿಲೆ ಇದೆಯೇ, ಹೃದಯ ಬಡಿತದ ಲಯ ಸರಿಪಡಿಸಲು ಮಾತ್ರೆ ನುಂಗುತ್ತಿದ್ದೀರಾ, ಗರ್ಭಿಣಿಯೇ, ಮಗುವಿಗೆ ಹಾಲೂಡಿಸುತ್ತಿದ್ದೀರಾ. ಯಕೃತ್ತಿನ ವಿಷಯ ಮುಖ್ಯ, ಏಕೆಂದರೆ ಲಿಡೊಕೇನನ್ನು ಕರಗಿಸಿ ಹೊರಹಾಕುವುದು ಅದೇ. ಮೂಲವ್ಯಾಧಿಗೆ ಹಚ್ಚುವ ಹಲವು ಮುಲಾಮುಗಳಲ್ಲಿ, ಬಾಯಿಹುಣ್ಣಿನ ಕೆಲವು ಜೆಲ್‌ಗಳಲ್ಲಿ ಇದೇ ಲಿಗ್ನೋಕೇನ್ ಇರುತ್ತದೆ. ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ, ಎಲ್ಲ ಸೇರಿ ಒಂದೇ ಲೆಕ್ಕಕ್ಕೆ ಬರುತ್ತದೆ.

ಅಂಟಿಸುವುದು

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹೆಚ್ಚೆಂದರೆ 12 ಗಂಟೆ ಪ್ಯಾಚ್ ಮೈಮೇಲಿರಬೇಕು, ಮಿಕ್ಕ 12 ಗಂಟೆ ಚರ್ಮ ಬರಿದಾಗಿರಬೇಕು. ಯಾವ ಹನ್ನೆರಡು ಎಂಬುದು ನಿಮ್ಮ ನೋವಿಗೆ ಬಿಟ್ಟದ್ದು. ನಾವು ಮೊದಲು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟಕ್ಕೆ ಇಟ್ಟುಕೊಂಡೆವು. ರಾತ್ರಿಯ ನಿದ್ದೆಗೆ ಮಾತ್ರೆಯೇ ಸಾಕಾಗುತ್ತಿತ್ತು, ಕಷ್ಟವೆಲ್ಲ ರವಿಕೆ ತೊಟ್ಟು ಕೆಲಸ ಮಾಡುವ ಹಗಲಿನದು ಎಂದು ವಾರದ ಮೇಲೆ ಹೊಳೆಯಿತು. ಬೆಳಿಗ್ಗೆ ಏಳರಿಂದ ಸಂಜೆ ಏಳಕ್ಕೆ ಬದಲಿಸಿದೆವು. ಹೊತ್ತು ಬದಲಿಸುವ ದಿನ ನಡುವಿನ ಬಿಡುವು ಕಡಿಮೆಯಾಗದಂತೆ ನೋಡಿಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಅಂಟಿಸಿದ ಹೊತ್ತು, ತೆಗೆದ ಹೊತ್ತು ಬರೆಯಿರಿ. ತೆಗೆಯುವ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇಡಿ. ಹುಳು ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ಹಂತವನ್ನು ನಾವು ಜ್ವರ ಎನ್ನುತ್ತೇವೆ) ಎದ್ದು ಬಕಾಸುರನ ಹಾಗೆ ಸೊಪ್ಪು ಮೇಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗಡಿಯಾರ ನೆನಪಿರುವುದಿಲ್ಲ. ಅಂಥ ಒಂದು ದಿನ ಪ್ಯಾಚ್ ಇಪ್ಪತ್ತು ಗಂಟೆ ಮೈಮೇಲೇ ಉಳಿಯಿತು. ಅಮ್ಮನಿಗೆ ಏನೂ ಆಗಲಿಲ್ಲ, ಅಡಿಯ ಚರ್ಮ ಕೆಂಪಾಗಿ ಎರಡು ದಿನ ಕಡಿಯಿತು. ಎರಡು ದಿನ ಪ್ಯಾಚಿಗೆ ರಜೆ.

ಚರ್ಮವನ್ನು ಕಣ್ಣಿಟ್ಟು ನೋಡಿ. ಗುಳ್ಳೆ, ಹಕ್ಕಳೆ, ಗೀರು, ಹುಣ್ಣು, ಒಡಕು ಒಂದೂ ಇರಬಾರದು. ಒಡೆದ ಚರ್ಮದಲ್ಲಿ ಮದ್ದು ಬೇಕಾದುದಕ್ಕಿಂತ ಹೆಚ್ಚು ಒಳಗಿಳಿಯುತ್ತದೆ. ಸರ್ಪಸುತ್ತು ಇನ್ನೂ ಹಸಿಯಾಗಿರುವಾಗ ಪ್ಯಾಚ್ ಹಾಕಬಾರದು ಎನ್ನುವುದು ಅದಕ್ಕೇ. ಸ್ನಾನವನ್ನು ಮೊದಲು ಮುಗಿಸಿ. ಮೈ ಒರೆಸಿಕೊಂಡು, ಬಿಸಿನೀರಿನ ಕಾವು ಆರುವ ತನಕ ಸ್ವಲ್ಪ ಹೊತ್ತು ಬಿಡಿ. ಆ ಜಾಗಕ್ಕೆ ಕೊಬ್ಬರಿ ಎಣ್ಣೆ, ಪೌಡರು, ಮುಲಾಮು ಯಾವುದೂ ಬೇಡ. ಎಣ್ಣೆ ಸವರಿದ ಮೈಗೆ ಅಂಟು ಹಿಡಿಯುವುದಿಲ್ಲ. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ. ಬ್ಲೇಡು ತಾಗಿಸಬೇಡಿ, ಬ್ಲೇಡು ಕಾಣದ ಗೀರು ಬಿಡುತ್ತದೆ.

ಅಳತೆಗೆ ಕತ್ತರಿಸಿಕೊಳ್ಳಬಹುದು. ಆದರೆ ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಡಿಸುವ ಮೊದಲು ಕತ್ತರಿಸಬೇಕು, ಬಿಡಿಸಿದ ಮೇಲೆ ಕತ್ತರಿಸಲು ಹೋದರೆ ಕತ್ತರಿಗೇ ಅಂಟಿಕೊಳ್ಳುತ್ತದೆ. ಪೆನ್ನಿನ ಚುಕ್ಕಿಗಳ ಆಕಾರವನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ತೆಗೆದು, ಅದನ್ನು ಪ್ಯಾಚಿನ ಮೇಲಿಟ್ಟು, ರವಿಕೆ ಬಟ್ಟೆ ಕತ್ತರಿಸುವ ಹಾಗೆ ಕತ್ತರಿಸಿದವಳು ಅಮ್ಮನೇ. ಮೂಲೆಗಳನ್ನು ದುಂಡಗೆ ಮಾಡಿದಳು. ಚೂಪಾದ ಮೂಲೆ ಬಟ್ಟೆಗೆ ಸಿಕ್ಕಿ ಬೇಗ ಏಳುತ್ತದಂತೆ. ಅದು ನಿಜವೂ ಆಯಿತು. ಒಂದು ಪ್ಯಾಚ್ ಸಾಲದಿದ್ದರೆ ವೈದ್ಯರು ಹೇಳಿದಷ್ಟು ಹಾಕಿ, ಆದರೆ ಒಂದೇ ಸಲಕ್ಕೆ ಮೂರನ್ನು ದಾಟುವಂತಿಲ್ಲ. ತೀರ ನಿತ್ರಾಣರಾದ ವಯಸ್ಸಾದವರಿಗೆ ಇನ್ನೂ ಕಡಿಮೆ ಜಾಗಕ್ಕೆ ಹಾಕಲು ಹೇಳುತ್ತಾರೆ. ಕತ್ತರಿಸಿ ಉಳಿದ ತುಂಡನ್ನು ಮಕ್ಕಳಿಗೆ, ನಾಯಿಗೆ ಸಿಗದಂತೆ ಎಸೆಯಿರಿ. ಬಳಸದ ಪ್ಯಾಚುಗಳ ಪೊಟ್ಟಣದ ಬಾಯಿ ಬಿಗಿಯಾಗಿ ಮುಚ್ಚಿ. ಫ್ರಿಜ್ಜಿನಲ್ಲಿಡಬೇಡಿ, ಬಿಸಿಲಿನಲ್ಲಿ ನಿಂತ ಕಾರಿನಲ್ಲೂ ಬಿಡಬೇಡಿ.

ಅಂಟಿಸುವಾಗ ಹಾಳೆಯನ್ನು ಅರ್ಧ ಮಾತ್ರ ಬಿಡಿಸಿ. ಆ ಅರ್ಧವನ್ನು ಚರ್ಮಕ್ಕೆ ಕೂರಿಸಿ, ಉಳಿದರ್ಧವನ್ನು ನಿಧಾನವಾಗಿ ಎಳೆಯುತ್ತಾ ಸುಕ್ಕು ಬೀಳದಂತೆ ಸವರಿಕೊಂಡು ಬನ್ನಿ. ಆಮೇಲೆ ಅಂಗೈಯಿಟ್ಟು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ಒತ್ತಿದರೆ ನೋಯುವುದಿಲ್ಲವೇ ಎಂಬ ಭಯ ಸಹಜ, ಆದರೆ ಈ ನೋವಿಗೆ ಅಂಗೈಯ ಒತ್ತಡಕ್ಕಿಂತ ಬೆರಳ ತುದಿಯ ಸವರಿಕೆ ಕ್ರೂರ. ಬೆನ್ನಿನ ಜಾಗವಾದರೆ ಇನ್ನೊಬ್ಬರ ಕೈ ಬೇಕೇ ಬೇಕು. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಲ್ಲುವುದರಿಂದ ಅಲ್ಲಿ ಬೇಡ, ಮಡಿಕೆಗೆ ಒಂದು ಬೆರಳು ಮೇಲೆಯೇ ನಿಲ್ಲಿಸಿ. ಕಣ್ಣು, ತುಟಿ, ಬಾಯಿಯ ಹತ್ತಿರಕ್ಕೂ ತರಬೇಡಿ.

ಅಂಟಿಸಿದವರೂ, ಅಂಟಿಸಿಕೊಂಡವರು ಮುಟ್ಟಿಕೊಂಡಿದ್ದರೆ ಅವರೂ ಸೋಪು ಹಾಕಿ ಕೈ ತೊಳೆಯಬೇಕು. ಕಾಲು ತೊಳೆಯದೆ ಹುಳುಮನೆಯ ಹೊಸಿಲು ದಾಟಿದರೆ ಊರೆಲ್ಲ ಕೇಳುವಂತೆ ಬೈಯುವ ಅಮ್ಮ, ಪ್ಯಾಚ್ ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿ ಸುಮ್ಮನಾಗುತ್ತಿದ್ದಳು. ‘ಇದೇ ಕೈಯಲ್ಲಿ ಹುಳು ಮುಟ್ಟುತ್ತೀಯಾ?’ ಎಂದ ಮೇಲೆ ದಾರಿಗೆ ಬಂದಳು. ಕೈ ತಪ್ಪಿ ಕಣ್ಣಿಗೆ ತಾಗಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು, ಸ್ಪರ್ಶ ಮರಳುವವರೆಗೆ ಕಣ್ಣು ಉಜ್ಜದಂತೆ ಕಾಪಾಡಬೇಕು. ಮರಗಟ್ಟಿದ ಕಣ್ಣಿಗೆ ಧೂಳು ಬಿದ್ದರೂ ತಿಳಿಯುವುದಿಲ್ಲ.

ಆ ಹನ್ನೆರಡು ಗಂಟೆ

ಶಾಖ ಬೇಡ. ನನಗೆ ಗೊತ್ತಿರುವಂತೆ ನಮ್ಮ ಕಡೆ ಜನ ಹೆಚ್ಚು ಎಡವುವುದು ಇಲ್ಲೇ. ನೋವೆಂದರೆ ಬಿಸಿನೀರಿನ ಚೀಲ, ಉಪ್ಪಿನ ಗಂಟಿನ ಕಾವು ನಮಗೆ ರಕ್ತಗತ. ಪ್ಯಾಚಿನ ಮೇಲೆ ಕಾವು ಕೊಟ್ಟರೆ ಮದ್ದು ರಕ್ತಕ್ಕೆ ಇಳಿಯುವ ವೇಗ ಹೆಚ್ಚುತ್ತದೆ. ನೂಲು ಬಿಚ್ಚುವ ಬೇಸಿನ್ ಮುಂದೆ ಹಬೆಯಲ್ಲಿ ಕೂರುವವರು, ಒಲೆಯ ಮುಂದೆ ಹೊತ್ತುಗಟ್ಟಲೆ ನಿಲ್ಲುವವರು ಆ ಹೊತ್ತನ್ನು ಪ್ಯಾಚಿಲ್ಲದ ಹನ್ನೆರಡು ಗಂಟೆಗೆ ಹೊಂದಿಸಿಕೊಳ್ಳಬೇಕು. ಅದೇ ಕಾರಣಕ್ಕೆ ಪ್ಯಾಚಿನ ಮೇಲೆ ಪ್ಲಾಸ್ಟಿಕ್ ಸುತ್ತುವುದು, ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ.

ನೀರು ತಾಗಿದರೆ, ಬೆವರಿದರೆ ಅಂಚು ಏಳುತ್ತದೆ. ಚೈತ್ರ, ವೈಶಾಖದ ಬಿಸಿಲಲ್ಲಿ ಸೊಪ್ಪು ಕೊಯ್ಯಲು ಹೋದರೆ ಹತ್ತು ಗಂಟೆಗೇ ಜಾರಿರುತ್ತಿತ್ತು. ಅಂಚಿಗೆ ಔಷಧಿ ಅಂಗಡಿಯ ಕಾಗದದ ಟೇಪು ಹಾಕಿದರೆ ತಡೆಯುತ್ತದೆ. ಪೂರ್ತಿ ಕಳಚಿ ಬಿದ್ದರೆ ಗಡಿಯಾರ ಹೊಸದಾಗಿ ಶುರುವಾಗುವುದಿಲ್ಲ. ಏಳು ಗಂಟೆಗೆ ಅಂಟಿಸಿದ್ದು ಹತ್ತಕ್ಕೆ ಬಿದ್ದು, ವೈದ್ಯರ ಒಪ್ಪಿಗೆಯ ಮೇಲೆ ಇನ್ನೊಂದು ಹಾಕಿದರೂ ಏಳಕ್ಕೆ ತೆಗೆಯಬೇಕು.

ಅಂಟಿಸಿದ ಕೂಡಲೇ ಸ್ವಲ್ಪ ತಂಪು, ಸ್ವಲ್ಪ ಚುರುಚುರು ಅನ್ನಿಸಬಹುದು. ಆದರೆ ಉರಿ ಏರುತ್ತಾ ಹೋದರೆ, ಕಡಿತ ತಡೆಯಲಾಗದಿದ್ದರೆ ತೆಗೆದುಬಿಡಿ. ಕೆಂಪು ಪೂರ್ತಿ ಇಳಿಯುವ ತನಕ ಮತ್ತೆ ಹಾಕಬೇಡಿ. ಮೈಯೆಲ್ಲ ದದ್ದು, ಮುಖ ಊತ, ಉಸಿರಾಟದ ತೊಂದರೆ ಕಂಡರೆ ಅದು ಅಲರ್ಜಿ, ಆಸ್ಪತ್ರೆಗೆ ಹೋಗಬೇಕು. ಮದ್ದು ರಕ್ತದಲ್ಲಿ ಹೆಚ್ಚಾದಾಗ ಕಾಣುವ ಗುರುತುಗಳನ್ನು ಮನೆಯವರೆಲ್ಲ ತಿಳಿದಿರಬೇಕು: ನಾಲಿಗೆ, ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು, ತಲೆ ಸುತ್ತು, ಕಣ್ಣು ಮಂಜು, ಕೈ ನಡುಕ, ತೀರ ಹೆಚ್ಚಾದರೆ ಫಿಟ್ಸ್, ಹೃದಯ ಬಡಿತ ನಿಧಾನವಾಗುವುದು. ಹೇಳಿದ ಹಾಗೆ ಬಳಸುವವರಲ್ಲಿ ಇದು ಅಪರೂಪ. ಕಂಡರೆ ಎಲ್ಲ ಪ್ಯಾಚ್ ಕಿತ್ತು, ಜಾಗ ತೊಳೆದು, 108ಕ್ಕೆ ಕರೆ ಮಾಡಿ, ತೆಗೆದ ಪ್ಯಾಚಿನ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ತೆಗೆಯುವುದು, ಎಸೆಯುವುದು

ಒಂದು ಮೂಲೆಯನ್ನು ನೀರಿನಲ್ಲಿ ಒದ್ದೆ ಮಾಡಿ, ಪ್ಯಾಚನ್ನು ಚರ್ಮಕ್ಕೆ ಒತ್ತಿದಂತೆ ಹಿಂದಕ್ಕೆ ಮಡಚಿಕೊಂಡು ಬನ್ನಿ. ಗಾಯದ ಪ್ಲಾಸ್ಟರ್ ಕೀಳುವ ಹಾಗೆ ಪರಕ್ಕನೆ ಎಳೆದರೆ ವಯಸ್ಸಾದವರ ತೆಳು ಚರ್ಮ ಸುಲಿದು ಬರುತ್ತದೆ, ಆಮೇಲೆ ವಾರಗಟ್ಟಲೆ ಅಲ್ಲಿ ಪ್ಯಾಚ್ ಹಾಕುವ ಹಾಗಿಲ್ಲ.

ತೆಗೆದ ಪ್ಯಾಚ್ ಖಾಲಿಯಾಗಿರುವುದಿಲ್ಲ. ಆಗಲೇ ಹೇಳಿದ ಲೆಕ್ಕ ನೋಡಿ: 700 ಮಿಲಿಗ್ರಾಂನಲ್ಲಿ 650ಕ್ಕೂ ಹೆಚ್ಚು ಅದರಲ್ಲೇ ಉಳಿದಿರುತ್ತದೆ. ಒಂದು ಸಂಜೆ ಅಮ್ಮ ತೆಗೆದ ಪ್ಯಾಚನ್ನು ಬೀರುವಿನ ಕನ್ನಡಿಗೆ ಅಂಟಿಸಿಟ್ಟಿದ್ದಳು. ಸ್ಟಿಕರ್ ಬೊಟ್ಟನ್ನು ರಾತ್ರಿ ಕನ್ನಡಿಗೆ ಹಚ್ಚಿ ಬೆಳಿಗ್ಗೆ ಮತ್ತೆ ಇಟ್ಟುಕೊಳ್ಳುವ ಅಭ್ಯಾಸದ ಕೈ. ಇಷ್ಟು ದುಡ್ಡು ಕೊಟ್ಟದ್ದನ್ನು ಒಂದೇ ಸಲಕ್ಕೆ ಎಸೆಯುವುದು ಅವಳಿಗೆ ಒಗ್ಗಲಿಲ್ಲ. ನಾನು ಕೋಣೆಗೆ ಹೋಗುವ ಹೊತ್ತಿಗೆ ನನ್ನ ಎರಡು ವರ್ಷದ ಮಗಳು ಸ್ಟೂಲಿನ ಮೇಲೆ ನಿಂತು ಅದರ ಕೆಳಗಿನ ಮೂಲೆಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಮಗುವಿನ ಬಾಯಿಗೆ ಹೋಗಿದ್ದರೆ ಅದು ಪ್ರಾಣಕ್ಕೇ ಕುತ್ತು. ನಾಯಿ ಜಗಿದರೂ ಅಷ್ಟೇ. ತೆಗೆದ ಪ್ಯಾಚನ್ನು ಅಂಟು ಮುಖ ಒಳಗಾಗುವಂತೆ ಎರಡಾಗಿ ಮಡಚಿ ಒತ್ತಿ, ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕಿ. ತಿಪ್ಪೆಗೆ ಎಸೆಯಬೇಡಿ, ಅಲ್ಲಿ ಕೋಳಿ, ನಾಯಿ ಎಲ್ಲ ಕೆದಕುತ್ತವೆ. ಹೊಸ ಪ್ಯಾಚುಗಳ ಪೊಟ್ಟಣ ಈಗ ಅಟ್ಟದ ಮೇಲೆ, ಹುಳುಮನೆಯ ಔಷಧಿಗಳ ಜೊತೆಗಲ್ಲದೆ ಬೇರೆ ಡಬ್ಬಿಯಲ್ಲಿದೆ.

ಪ್ಯಾಚಿಲ್ಲದ ಹನ್ನೆರಡು ಗಂಟೆಯಲ್ಲಿ ನೋವು ಒಮ್ಮೆಗೇ ಮರಳುತ್ತದೆ ಎಂದು ಹೆದರಬೇಕಿಲ್ಲ, ಸ್ವಲ್ಪ ಹೊತ್ತು ಪರಿಣಾಮ ಉಳಿದಿರುತ್ತದೆ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಬಟ್ಟೆ ಆ ಹೊತ್ತಿಗೆ ಉತ್ತಮ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಬಹುದು. ಐಸ್ ಇಡಬೇಡಿ.

ಎಷ್ಟು ದಿನ, ಎಷ್ಟು ಗುಣ

ಮೊದಲ ದಿನವೇ ಗೆದ್ದೆವು ಎನ್ನುವವರೂ ಇದ್ದಾರೆ. ಆದರೆ ಎರಡರಿಂದ ನಾಲ್ಕು ವಾರ ಸರಿಯಾಗಿ ಬಳಸದೆ ತೀರ್ಮಾನಕ್ಕೆ ಬರಬಾರದು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಅಮ್ಮನಿಗೆ ಹೇಳಿದರೆ, ‘ನೋವಿಗೂ ಪರೀಕ್ಷೆಯೇ?’ ಎಂದು ನಕ್ಕಳು. ಕೊನೆಗೆ ನಾಣ್ಯದ ಲೆಕ್ಕಕ್ಕೆ ಒಪ್ಪಿದಳು: ಹದಿನಾರು ಆಣೆ ನೋವು, ಹನ್ನೆರಡಾಣೆ, ಎಂಟಾಣೆ. ಕ್ಯಾಲೆಂಡರಿನಲ್ಲಿ ಅದೇ ಬರೆದೆ. ವೈದ್ಯರು ಓದಿ ತಲೆಯಾಡಿಸಿದರು. ಅಂಕದ ಜೊತೆಗೆ ಕೆಲಸವನ್ನೂ ಬರೆಯಿರಿ: ಇಂದು ರವಿಕೆ ತೊಟ್ಟಳೇ, ಮಗ್ಗುಲು ಬದಲಿಸಿ ಮಲಗಿದಳೇ. ನಾಲ್ಕು ವಾರ ಕಳೆದರೂ ಆಣೆ ಇಳಿಯದಿದ್ದರೆ ಮುಂದುವರಿಸಿ ದುಡ್ಡು ಸುರಿಯಬೇಡಿ.

ಅತಿ ಆಸೆಯೂ ಬೇಡ. ನರದ ನೋವಿನ ಅಂತರರಾಷ್ಟ್ರೀಯ ತಜ್ಞರ ಕೂಟ 2015ರಲ್ಲಿ ಕೊಟ್ಟ ಸಲಹೆಗಳಲ್ಲಿ ಮೊದಲ ಸಾಲಿನಲ್ಲಿರುವುದು ಗ್ಯಾಬಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳು. ಲಿಡೊಕೇನ್ ಪ್ಯಾಚ್ ಎರಡನೆಯ ಸಾಲಿನದು. ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ, ಗಟ್ಟಿ ಗುಣಮಟ್ಟದ ಪ್ರಯೋಗಗಳ ಪುರಾವೆ ಇದಕ್ಕಿಲ್ಲ, ಆದರೂ ಕೆಲವರಿಗೆ ಉಪಯೋಗವಾಗಿರುವುದು ಬಿಡಿ ಅಧ್ಯಯನಗಳಲ್ಲಿ ಕಾಣುತ್ತದೆ ಎಂದಿತು. ಹಾಗಿದ್ದೂ ವೈದ್ಯರು ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಕಂಡೆ. ಪ್ರಿಗಾಬಲಿನ್ ಪ್ರಮಾಣ ಹೆಚ್ಚಿಸಿದ ವಾರ ಅಮ್ಮ ತೂಕಡಿಸುತ್ತಾ ಬಚ್ಚಲ ಮನೆಯಲ್ಲಿ ಜಾರಿದಳು. ಎಪ್ಪತ್ತು ದಾಟಿದವರಿಗೆ ಸೊಂಟದ ಮೂಳೆ ಮುರಿದರೆ ಆ ಕಥೆಯೇ ಬೇರೆ. ಪ್ಯಾಚಿಗೆ ತೂಕಡಿಕೆ ಇಲ್ಲ. ಅದರ ಬಲದಿಂದ ಮಾತ್ರೆಯ ಪ್ರಮಾಣವನ್ನು ವೈದ್ಯರು ಹಂತಹಂತವಾಗಿ ಇಳಿಸಿದರು. ನೀವಾಗಿ ಒಮ್ಮೆಗೇ ಮಾತ್ರೆ ನಿಲ್ಲಿಸಬೇಡಿ, ಅದು ಬೇರೆ ತೊಂದರೆ ತರುತ್ತದೆ.

ಹಣೆ, ಮೂಗಿನ ತುದಿ, ರೆಪ್ಪೆಯ ಸುತ್ತ ಸರ್ಪಸುತ್ತು ಎದ್ದವರು ಮಾತ್ರ ಇಲ್ಲಿಯವರೆಗಿನದನ್ನೆಲ್ಲ ಬದಿಗಿಟ್ಟು ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ದೃಷ್ಟಿಯ ಪ್ರಶ್ನೆ ಅದು. ಸರ್ಪಸುತ್ತು ಬಾರದಂತೆ ತಡೆಯುವ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸು. ದುಬಾರಿಯೇ. ಅಪ್ಪನಿಗೆ ಹಾಕಿಸೋಣ ಎಂದಾಗ ಮೊದಲು ‘ಹೂಂ’ ಎಂದವಳು ಅಮ್ಮ.

ನಿಲ್ಲಿಸುವ ಹೊತ್ತು ಬಂತೆಂದು ತಿಳಿಯಲು ವೈದ್ಯರು ಒಂದು ಉಪಾಯ ಹೇಳಿಕೊಟ್ಟರು. ನೋವು ನಾಲ್ಕಾಣೆಗೆ ಇಳಿದು ಕೆಲವು ವಾರ ಅಲ್ಲೇ ನಿಂತರೆ, ನಡುನಡುವೆ ಒಂದೊಂದು ದಿನ ಪ್ಯಾಚ್ ಬಿಟ್ಟು ನೋಡುವುದು. ಆ ದಿನ ಉರಿ ಮರಳಿದರೆ ಮುಂದುವರಿಸುವುದು, ಮರಳದಿದ್ದರೆ ಬಿಡುವಿನ ದಿನಗಳನ್ನು ಹೆಚ್ಚಿಸುವುದು. ಗೌರಿ ಹಬ್ಬದ ಹೊತ್ತಿಗೆ ಅಮ್ಮ ವಾರಕ್ಕೆ ಎರಡಕ್ಕೆ ಇಳಿದಿದ್ದಳು. ಯುಗಾದಿಯ ರವಿಕೆಯನ್ನು ಅಂದು ತೊಟ್ಟಳು, ಬಲ ಮಗ್ಗುಲಿನ ಹೊಲಿಗೆಯನ್ನು ಒಂದಿಂಚು ಬಿಚ್ಚಿಕೊಂಡು. ಪೊಟ್ಟಣದಲ್ಲಿ ಇನ್ನೂ ಮೂರು ಪ್ಯಾಚ್ ಇವೆ. ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಿದ್ದೇನೆ.